ನಮ್ಮ ಬಚ್ಚಲಿಗೆ ಟಬ್ಬು: ಇಲ್ಲಿತನಕ ಆದದ್ದು

ನವೆಂಬರ್ 16

ಟಬ್ ಹಾಕಿಸೋಣ ಅಂತ ಮನೆಯಲ್ಲಿ ಬಾಯಿಬಿಟ್ಟೆ. ಮೈಸೂರು ಕುವೆಂಪುನಗರದ ಈ ಮನೆಗೆ ಮೂವತ್ತು ವರ್ಷ ದಾಟಿದೆ. ಕೆಳಗಿನ ಬಾತ್‌ರೂಮಿನ ಟೈಲ್ಸ್ ಹೇಗೂ ಕೀಳಿಸಬೇಕಿತ್ತು. ನನಗೆ ಬೆನ್ನು ನೋವು, ಅಮ್ಮನಿಗೆ ಮಂಡಿ ನೋವು. ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಮುಳುಗಿ ಕೂತರೆ ಹಿತವಲ್ವಾ ಅಂದೆ. ಅಮ್ಮ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಹೇಳಿದರು: "ಲಲಿತಮಹಲ್ ಕಟ್ಸಿದ್ದು ವೈಸ್‌ರಾಯ್‌ಗೆ. ನಮ್ಮನೆಗೆ ಯಾರು ಬರ್ತಾರೋ?"

ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಅದನ್ನ ತೊಳೆಯೋದು ಯಾರು?" ನಾನೇ ಅಂದೆ. ಬರೆದಿಟ್ಟುಕೊಂಡಿದ್ದಾಳೆ.

ನವೆಂಬರ್ 22

ಟೈಲ್ಸ್ ಕಿತ್ತಾಯಿತು. ಕೋಣೆ 8 ಅಡಿ ಉದ್ದ, 5 ಅಡಿ ಅಗಲ. ಟಬ್ಬನ್ನು ಕೊನೆಯ ಗೋಡೆಗೆ ಅಡ್ಡಡ್ಡ ಕೂರಿಸುವುದು ಅಂತ ಲೆಕ್ಕ. ಆದರೆ ಟೇಪು ಹಿಡಿದರೆ ಒಂದು ಕಡೆ 1521 ಮಿ.ಮೀ., ಎರಡಡಿ ಈಚೆಗೆ 1512. ಮೇಸ್ತ್ರಿ ಮೂಲೆಮಟ್ಟ ಇಟ್ಟು ನೋಡಿ ನಕ್ಕರು. ಹಳೇ ಮನೆ, ಗೋಡೆ ಸೊಟ್ಟ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 1500 ಅಥವಾ 1700 ಮಿ.ಮೀ. ಉದ್ದದವು. ಅಗಲ 700ರಿಂದ 750. ನಮಗೆ 1500 ಒಂದೇ ದಾರಿ. ಟೈಲ್ಸ್ ಮೊದಲು ಅಂಟಿಸಿದರೆ ಎರಡೂ ಕಡೆ ಸೇರಿ ಒಂದಿಂಚು ಹೋಗುತ್ತದೆ, ಆಮೇಲೆ 1500 ಕೂಡ ಇಳಿಯುವುದಿಲ್ಲ. ಹಾಗಾಗಿ ಟಬ್ ಮೊದಲು, ಟೈಲ್ಸ್ ಆಮೇಲೆ. ಟೈಲ್ಸ್ ಬಂದು ಟಬ್ಬಿನ ಅಂಚಿನ ಮೇಲೆ ಕೂರಬೇಕು. ನೀರು ಹಿಂದಕ್ಕೆ ಇಳಿಯದಿರುವುದಕ್ಕೂ ಅದೇ ಸರಿ.

ಸಂಜೆ ತಾರಸಿ ಮೇಲೆ ಸೀಮೆಸುಣ್ಣದಲ್ಲಿ 1500ಕ್ಕೆ 700 ಗೆರೆ ಎಳೆದೆ. ಹೊರಗಿನ ಅಳತೆ ಅಷ್ಟಿದ್ದರೂ ಒಳಗೆ ತಳದ ಉದ್ದ 1100ರ ಹತ್ತಿರ ಅಷ್ಟೇ ಇರುತ್ತದೆ. ಅದಕ್ಕೆ ಒಳಗೊಂದು ಗೆರೆ. ನಾನು 5 ಅಡಿ 8 ಇಂಚು. ಅದರೊಳಗೆ ಮಲಗಿ, ಮಂಡಿ ಎಷ್ಟು ಮಡಿಚಬೇಕು ಅಂತ ನೋಡುತ್ತಿದ್ದೆ. ಪಕ್ಕದ ತಾರಸಿಯಿಂದ ಒಬ್ಬ ಹುಡುಗ ಕೂಗಿದ: "ಅಂಕಲ್, ಹುಷಾರಾಗಿದೀರಾ?" ಸೀಮೆಸುಣ್ಣದ ಗೆರೆ ನಡುವೆ ಅಲ್ಲಾಡದೆ ಬಿದ್ದಿರುವ ಮನುಷ್ಯನನ್ನು ಕಂಡರೆ ಯಾರಾದರೂ ಕೇಳುತ್ತಾರೆ ಬಿಡಿ.

ನವೆಂಬರ್ 30

ಹುಣಸೂರು ರಸ್ತೆ ಕಡೆ ಎರಡು ಶೋರೂಮ್ ಸುತ್ತಿದೆವು. ಚಪ್ಪಲಿ ಬಿಟ್ಟು ಟಬ್ಬಿನೊಳಗೆ ಇಳಿದು ಕೂತೆ. ಸೇಲ್ಸ್ ಹುಡುಗನಿಗೆ ಮುಜುಗರ, ನನಗಿಲ್ಲ. ಫೋಟೋದಲ್ಲಿ ಚೆಂದ ಕಂಡಿದ್ದ ಮೊಟ್ಟೆ ಆಕಾರದ್ದರಲ್ಲಿ ಬೆನ್ನಿನ ಕಡೆ ನೆಟ್ಟಗಿತ್ತು, ಎರಡೇ ನಿಮಿಷಕ್ಕೆ ಕತ್ತು ಹಿಡಿಯಿತು. ಜೊತೆಗೆ ಅದು ಸುತ್ತಲೂ ಜಾಗ ಬಿಟ್ಟು ನಿಲ್ಲಿಸುವ ಟಬ್. ಐದಡಿ ಅಗಲದಲ್ಲಿ ಅದರ ಹಿಂದೆ ಪೊರಕೆಯೂ ಹೋಗುವುದಿಲ್ಲ.

ಬೀಡು ಕಬ್ಬಿಣದ್ದು ಖಾಲಿ ಇದ್ದಾಗಲೇ ನೂರು ಕೆ.ಜಿ. ದಾಟುತ್ತದೆ. ಸುರಿದ ಬಿಸಿಯನ್ನು ಮೊದಲು ತಾನೇ ಕುಡಿಯುತ್ತದೆ, ಒಮ್ಮೆ ಕಾದರೆ ಮಾತ್ರ ಬಹಳ ಹೊತ್ತು ಹಿಡಿದಿಡುತ್ತದೆ. ನಮಗೆ ಅಕ್ರಿಲಿಕ್ ಸಾಕು. ಹಗುರ, ಮುಟ್ಟಿದರೆ ಕೊರೆಯುವುದಿಲ್ಲ, ಗೀರು ಬಿದ್ದರೆ ಉಜ್ಜಿ ಪಾಲಿಶ್ ಮಾಡಬಹುದು. ಆದರೆ ಎಲ್ಲ ಅಕ್ರಿಲಿಕ್ಕೂ ಒಂದೇ ಅಲ್ಲ. ನೀರು ಹೋಗುವ ತೂತಿನ ಅಂಚನ್ನು ನೋಡಿದರೆ ಹಾಳೆ ಎಷ್ಟು ದಪ್ಪ, ಅದರ ಹಿಂದೆ ಫೈಬರ್ ಎಷ್ಟು ಹಾಕಿದ್ದಾರೆ ಅನ್ನುವುದು ಕಾಣುತ್ತದೆ. ಕಡಿಮೆ ಬೆಲೆಯ ಒಂದರ ತಳವನ್ನು ಹಿಮ್ಮಡಿಯಲ್ಲಿ ಒತ್ತಿದೆ. ಡಬ್ ಅಂತು. ಎದ್ದು ಬಂದೆ.

ಸಣ್ಣ ತೂತುಗಳಿಂದ ನೀರು ಚಿಮ್ಮಿಸುವ ಜಕೂಝಿ ಬೇಡ ಅಂತ ಅಲ್ಲೇ ತೀರ್ಮಾನ. ಮೋಟಾರು, ಅದಕ್ಕೆ ಬೇರೆ ಲೈನು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಪೈಪಿನೊಳಗೆ ನಿಲ್ಲುವ ನೀರು. ಬೇಸಿಗೆಯಲ್ಲಿ ನಮಗೆ ಬೋರ್‌ವೆಲ್ ನೀರೂ ಸೇರುತ್ತದೆ. ಆ ಗಡಸು ನೀರಿಗೆ ಬಕೆಟ್ಟೇ ಬೆಳ್ಳಗಾಗುತ್ತದೆ, ಸಣ್ಣ ತೂತುಗಳ ಗತಿ ಏನು?

ಡಿಸೆಂಬರ್ 7

ಇವತ್ತು ನೀರಿನ ಲೆಕ್ಕ. ಇದನ್ನು ಮೊದಲೇ ಮಾಡಬೇಕಿತ್ತು.

ಟಬ್ಬಿನ ಕಾಗದದಲ್ಲಿ 170 ಲೀಟರ್ ಅಂತ ಇದೆ. ಅದು ಒಳಗೆ ಯಾರೂ ಇಲ್ಲದಾಗ, ಹೆಚ್ಚಾದ ನೀರು ಹೊರಹೋಗುವ ಮೇಲಿನ ತೂತಿನವರೆಗೆ. ಮನುಷ್ಯ ಇಳಿದರೆ ಅವನೇ ಐವತ್ತರವತ್ತು ಲೀಟರ್ ಜಾಗ ಹಿಡಿಯುತ್ತಾನೆ. ಹಾಗಾಗಿ 120 ಲೀಟರ್ ಬಿಟ್ಟರೆ ಸಾಕು. ಚಳಿಗಾಲದಲ್ಲಿ ನಮ್ಮ ಟ್ಯಾಂಕಿನ ನೀರು 22 ಡಿಗ್ರಿ, ನನಗೆ ಬೇಕಿರುವುದು 39. ಗೀಸರ್‌ನದು 60 ಅಂತಿಟ್ಟುಕೊಂಡರೆ ಸುಮಾರು 54 ಲೀಟರ್ ಬಿಸಿನೀರು ಬೇಕು. ನಮ್ಮ ಗೀಸರ್ 25 ಲೀಟರ್‌ದು. 2 ಕಿಲೋವ್ಯಾಟ್ ಕಾಯಿಲ್ ಅದನ್ನೊಮ್ಮೆ ಕಾಯಿಸಲು ಅರ್ಧ ಗಂಟೆಗೂ ಜಾಸ್ತಿ ತೆಗೆದುಕೊಳ್ಳುತ್ತದೆ. ಎರಡನೇ ಸಲದ್ದು ಕಾಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ.

ತಾರಸಿಯಲ್ಲಿ 200 ಲೀಟರ್ ಸೋಲಾರ್ ಇದೆ. ಆದರೆ ಅದರ ಪೈಪು ಕೆಳಗಿನ ಬಾತ್‌ರೂಮಿಗೆ ಬಂದೇ ಇಲ್ಲ! ಹೊಸದಾಗಿ ಎಳೆಯಬೇಕು. ಈಗಿನ ನಲ್ಲಿಯಲ್ಲಿ 18 ಲೀಟರ್ ಬಕೆಟ್ ತುಂಬಲು ಎರಡೂವರೆ ನಿಮಿಷ ಬೇಕಾಯಿತು. ಅಂದರೆ ಟಬ್ಬಿಗೆ ಹದಿನೇಳು ನಿಮಿಷ. ಪ್ಲಂಬರ್ "ಸಾರ್, ಅರ್ಧ ಇಂಚು ಬೇಡ, ಮುಕ್ಕಾಲು ಇಂಚೇ ತಗೊಂಡ್ಬಿಡಿ" ಅಂದರು. ಒಪ್ಪಿದೆ.

ಅಮ್ಮ ಈ ಲೆಕ್ಕವನ್ನೆಲ್ಲ ಕೇಳಿಸಿಕೊಂಡು ಬಕೆಟ್ಟಿಗೆ ಇಳಿಸಿದರು. "ಏಳು ಬಕೆಟ್ ಆಯ್ತು ಒಬ್ಬನಿಗೆ. ಅಗ್ರಹಾರದ ಮನೆ ಹಂಡೆ ಎಂಟು ಬಿಂದಿಗೆ ಹಿಡೀತಿತ್ತು ಕಣೋ. ಅದ್ರಲ್ಲೇ ಆರು ಜನ ಸ್ನಾನ ಮುಗಿಸ್ತಿದ್ವಿ." ನೀರು ತುಂಬುವ ಹಬ್ಬಕ್ಕೆ ಆ ಹಂಡೆಗೆ ಸುಣ್ಣದ ಪಟ್ಟೆ ಬಳಿದು ಹಾಗಲಬಳ್ಳಿ ಸುತ್ತುತ್ತಿದ್ದದ್ದು ನನಗೂ ನೆನಪಿದೆ. ಕೊನೆಗೆ ಒಪ್ಪಂದವಾಯಿತು. ಟಬ್ ಭಾನುವಾರ ಮಾತ್ರ. ಒಳಗೆ ಸೋಪು ಹಾಕುವಂತಿಲ್ಲ. ಆ ನೀರು ಹಿತ್ತಲಿನ ತೆಂಗಿನ ಬುಡಕ್ಕೆ ಹೋಗಬೇಕು, ಅದಕ್ಕೆ ಹೊರಗೊಂದು ವಾಲ್ವ್.

ಡಿಸೆಂಬರ್ 14

ಮಂಡಿ ನೋವಿನವರಿಗೆ ಅಂತ ಹೊರಟು ಅವರೇ ದಾಟಲಾಗದಂಥದ್ದನ್ನು ತರುತ್ತಿದ್ದೆ. ಟಬ್ಬಿನ ಎತ್ತರ, ಅದರ ಕಾಲುಗಳೂ ಸೇರಿ, 22 ಇಂಚು. ಅಮ್ಮನ ಮುಂದೆ ಅಷ್ಟೆತ್ತರಕ್ಕೆ ರಟ್ಟಿನ ಪೆಟ್ಟಿಗೆ ಜೋಡಿಸಿ ದಾಟು ಅಂದೆ. ಒಂದು ಕಾಲು ಎತ್ತಿ, ಗೋಡೆ ಹಿಡಿದು, ಹಾಗೇ ನಿಂತುಬಿಟ್ಟರು. ಕಾಲು ಇಳಿಸಿದ ಮೇಲೆ ಏನೂ ಹೇಳಲಿಲ್ಲ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಹೋದರು.

ರಾತ್ರಿ ಊಟದ ಕುರ್ಚಿ ಅಳೆದೆ. 18 ಇಂಚು. ಅದರ ಮೇಲೆ ಅಮ್ಮ ಸುಲಭವಾಗಿ ಕೂರುತ್ತಾರೆ, ಏಳುತ್ತಾರೆ. ಟಬ್ಬಿನ ಅಂಚೂ ಅಷ್ಟೇ ಇರಬೇಕು. ಕೆಳಗಿನ ಮನೆ, ನೆಲದಡಿ ಮಣ್ಣು, ಹಾಗಾಗಿ ನಾಲ್ಕು ಇಂಚು ಅಗೆದು ಟಬ್ ಇಳಿಸಬಹುದು. ಮಹಡಿಯ ಬಚ್ಚಲಾಗಿದ್ದರೆ ಇದನ್ನು ಯೋಚಿಸುವ ಹಾಗೇ ಇರಲಿಲ್ಲ. ಟಬ್ಬಿನ ಮುಂದೆ ಅದೇ ಎತ್ತರಕ್ಕೆ ಒಂದಡಿ ಅಗಲದ ಕಟ್ಟೆ. ಕಟ್ಟೆ ಮೇಲೆ ಕೂತು, ತಿರುಗಿ, ಕಾಲು ಒಂದೊಂದಾಗಿ ಒಳಗಿಡುವುದು. ಅಡುಗೆಮನೆಯದ್ದು ಉಳಿದ ಗ್ರಾನೈಟ್ ಚಪ್ಪಡಿ ಹಿತ್ತಲಲ್ಲಿತ್ತು.

ಡಿಸೆಂಬರ್ 20

ಆರ್ಡರ್ ಕೊಟ್ಟೆ. ಬಿಳಿ. ಬಣ್ಣದ ಬಗ್ಗೆ ಚರ್ಚೆಯೇ ಆಗಲಿಲ್ಲ.

ಜನವರಿ 3

ಟಬ್ ಬಂತು, ತೂತು ಉಲ್ಟಾ. ಟಬ್ಬಿನ ಎದುರು ನಿಂತು ನೋಡಿದಾಗ ನೀರು ಹೋಗುವ ತೂತು ನಮಗೆ ಎಡಕ್ಕಿರಬೇಕು, ಪೈಪಿರುವುದು ಆ ಕಡೆ. ಬಂದದ್ದು ಬಲದ್ದು. ತಿರುಗಿಸಿ ಇಡೋಣ ಅಂದರೆ, ಮೂರು ಕಡೆ ಮೇಲಕ್ಕೆ ಮಡಿಚಿದ ಅಂಚು, ಮುಂದೆ ಮಾತ್ರ ಮಟ್ಟಸ. ತಿರುಗಿಸಿದರೆ ಮಡಿಚಿದ್ದು ಕಟ್ಟೆ ಕಡೆ ಬರುತ್ತದೆ. ಬಿಲ್ಲಿನಲ್ಲಿ ಎಡ ಅಂತಲೇ ಇತ್ತು. ಆದರೂ ವಾಪಸ್ ಸಾಗಿಸುವ ಆಟೋ ಬಾಡಿಗೆ ನನ್ನ ತಲೆಗೇ ಬಂತು. ಹೋಗ್ಲಿ.

ಜನವರಿ 12

ಎಡದ್ದು ಬಂತು. ಅಷ್ಟರಲ್ಲಿ ಮೇಸ್ತ್ರಿ ಸಂಕ್ರಾಂತಿಗೆ ಮದ್ದೂರು ಕಡೆಯ ತಮ್ಮೂರಿಗೆ ಹೊರಟಿದ್ದರು. ದನಗಳನ್ನು ಕಿಚ್ಚು ಹಾಯಿಸದೆ ಅವರು ವಾಪಸ್ ಬರುವವರಲ್ಲ. ಟಬ್ ಹಾಲಿನಲ್ಲಿ ಒರಗಿಕೊಂಡಿದೆ. ಅಮ್ಮ ಎಳ್ಳುಬೆಲ್ಲದ ಕೊಬ್ಬರಿ ಹೆಚ್ಚಿ ಅದರೊಳಗೆ ಪೇಪರ್ ಹಾಸಿ ಒಣಗಿಸಿದ್ದಾರೆ.

ಜನವರಿ 19

ನೆಲ ಅಗೆದಾಯಿತು. ನೀರು ಹರಿದುಹೋಗಲು ಪೈಪಿಗೆ ವಾಟ ಸಿಗುತ್ತದೋ ಇಲ್ಲವೋ ಅನ್ನುವುದೇ ಭಯವಾಗಿತ್ತು. ಹೊರಗಿನ ಚೇಂಬರ್ ಸಾಕಷ್ಟು ಆಳ ಇದೆ, ಬಚಾವ್. ಮೋರಿ ವಾಸನೆ ತಡೆಯುವ ಟ್ರ್ಯಾಪ್ ಕೂರಿಸಿ, ವಾಟರ್‌ಪ್ರೂಫಿಂಗ್ ಬಳಿದು, ಒಣಗಿದ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟೆವು. ಗೋಡೆಗೆ ಪೆನ್ಸಿಲ್ ಗುರುತು ಹಾಕಿದ್ದೆ. ನೀರು ಇಳಿಯಲಿಲ್ಲ.

ಜನವರಿ 25

ಟಬ್ ಕೂತಿದೆ. ತಳದಡಿ ಗಾರೆ ಹಾಸಿ, ನಾಲ್ಕೂ ಕಡೆ ರಸಮಟ್ಟ ಇಟ್ಟು ನೋಡಿ ಇಳಿಸಿದರು. ಈಗ ಹಿಮ್ಮಡಿಯಲ್ಲಿ ಒತ್ತಿದರೆ ಡಬ್ ಅನ್ನುವುದಿಲ್ಲ. ಕಟ್ಟೆಯ ಕೆಳಗೆ ಪೈಪ್ ರಿಪೇರಿಗೆ ಅಂತ ಒಂದು ಟೈಲ್ಸ್ ತೆಗೆದು ಹಾಕುವ ಹಾಗೆ ಬಿಡಿಸಿದ್ದೇನೆ. ಮೇಸ್ತ್ರಿಗೆ ಇಷ್ಟವಿರಲಿಲ್ಲ, ಅಂದ ಕೆಡುತ್ತದಂತೆ.

ಸಂದಿಗೆ ಸಿಲಿಕೋನ್ ಅಂಟು ಎಳೆಯುವ ಮುಂಚೆ ಟಬ್ ತುಂಬ ನೀರು ಬಿಟ್ಟೆವು. ನೀರಿನ ಭಾರಕ್ಕೆ ಟಬ್ ಒಂಚೂರು ತಗ್ಗುತ್ತದೆ. ಖಾಲಿ ಇದ್ದಾಗ ಹಾಕಿದ ಸಿಲಿಕೋನ್ ಆಮೇಲೆ ಕಿತ್ತು ಬರುತ್ತದೆ. ಅದು ಒಣಗುವ ತನಕ ನೀರು ಹಾಗೇ ಇರಬೇಕು, ನಾಳೆ ಸಂಜೆಯವರೆಗೆ ಯಾರೂ ಮುಟ್ಟುವಂತಿಲ್ಲ.

ರಾತ್ರಿ ಹತ್ತಕ್ಕೆ ಲೈಟ್ ಆರಿಸಲು ಹೋದರೆ ಅಮ್ಮ ಕಟ್ಟೆ ಮೇಲೆ ಕೂತಿದ್ದರು. ಸೀರೆ ಅಂಚು ಎತ್ತಿಕೊಂಡು, ತಣ್ಣೀರಿನಲ್ಲಿ ಎರಡೂ ಪಾದ ಇಳಿಬಿಟ್ಟು. "ಎತ್ತರ ಸರಿಯಾಗಿದೆಯಾ ಅಂತ ನೋಡ್ತಿದ್ದೆ" ಅಂದರು.

ಬಾಕಿ ಇರುವುದು: ಗೋಡೆಗೆ ಹಿಡಿಕೆ, ತೆಂಗಿನ ಬುಡದ ವಾಲ್ವ್, ಸೋಲಾರ್ ಪೈಪಿಗೆ ಹೊದಿಕೆ.