ಟ್ರಾಮ್ ಟಿಕೆಟ್ಟು

‘ರಷ್ಯನ್ ಕಲೀಬೇಕಾ? ಪುಸ್ತಕ ಮುಚ್ಚಿಡು, “ಬ್ರಾತ್” ನೋಡು’ ಅಂದವನು ನನ್ನ ರೂಮ್‌ಮೇಟ್. ರಷ್ಯಾದ ದಕ್ಷಿಣಕ್ಕಿರುವ ಕಾಕಸಸ್ ಬೆಟ್ಟಸೀಮೆಯ ದಾಗೆಸ್ತಾನದವನು, ಮಖಚ್‌ಕಲಾದ ಹುಡುಗ. ದಾವಣಗೆರೆಯಿಂದ ಮೆಡಿಕಲ್ ಓದೋಕೆ ನಾನು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಆಗ ಒಂದು ವರ್ಷ ದಾಟಿತ್ತು. ಡಿಸೆಂಬರಿನ ಭಾನುವಾರ, ನಾಲ್ಕಕ್ಕೆಲ್ಲ ಕತ್ತಲು. ಹಾಸ್ಟೆಲ್ ಅಡುಗೆಮನೆಯಲ್ಲಿ ಲ್ಯಾಪ್‌ಟಾಪನ್ನು ನನ್ನ ಅಕ್ಕಿ ಡಬ್ಬಕ್ಕೆ ಒರಗಿಸಿ ಏಳೆಂಟು ಜನ ಕೂತೆವು.

1997ರಲ್ಲಿ ಅಲೆಕ್ಸೇಯ್ ಬಲಬಾನವ್ ತೆಗೆದ ಸಿನಿಮಾ. ಸೈನ್ಯದಿಂದ ಬಂದ ದನೀಲ, ಯುದ್ಧದಲ್ಲಿ ಏನು ಮಾಡ್ತಿದ್ದೆ ಅಂದರೆ ‘ಹೆಡ್‌ಕ್ವಾರ್ಟರ್ಸಲ್ಲಿ ಗುಮಾಸ್ತನಾಗಿದ್ದೆ’ ಅನ್ನುತ್ತಾನೆ. ಪೀಟರ್ಸ್‌ಬರ್ಗಿನಲ್ಲಿರುವ ಅಣ್ಣನೋ ಸುಪಾರಿ ಹಂತಕ. ತಮ್ಮನಿಗೆ ವಹಿಸುವ ಮೊದಲ ಕೆಲಸವೇ ಒಬ್ಬ ಚೆಚೆನ್‌ನನ್ನು, ಅಂದರೆ ಕಾಕಸಸ್‌ನದೇ ಚೆಚೆನ್ಯಾದವನನ್ನು, ಮುಗಿಸುವುದು. ದಪ್ಪ ಸ್ವೆಟರ್, ಸೊಂಟಕ್ಕೆ ಸಿಡಿ ಪ್ಲೇಯರ್, ಹಾಲುಗಲ್ಲದ ನಗು. ದನೀಲನ ಪಾತ್ರದ ಸೆರ್ಗೇಯ್ ಬದ್ರೋವ್ ಜೂನಿಯರ್ ನನಗೂ ಇಷ್ಟವಾಗಿಬಿಟ್ಟ. ಪೇಚಿಗೆ ಬಿದ್ದಿದ್ದು ಅಲ್ಲೇ.

ಟ್ರಾಮ್ ದೃಶ್ಯ ಬಂತು. ಟಿಕೆಟ್ ಇಲ್ಲದ ಇಬ್ಬರು ಕಾಕಸಸ್ ಕಡೆಯವರು ಚೆಕ್ಕಿಂಗ್‌ನವನಿಗೇ ದಬಾಯಿಸುತ್ತಾರೆ. ದನೀಲ ಪಿಸ್ತೂಲು ತೆಗೆಯುತ್ತಾನೆ. ‘ಕೊಲ್ಲಬೇಡ, ಬ್ರಾತ್’ ಅಂತ ಒಬ್ಬ ಗೋಗರೆಯುತ್ತಾನೆ. ಬ್ರಾತ್ ಅಂದರೆ ಅಣ್ಣನೂ ಹೌದು, ತಮ್ಮನೂ ಹೌದು. ‘ನೀನು ನನಗೆ ಬ್ರಾತ್ ಅಲ್ಲ, ಕರಿ ಕುಂಡೆಯ ಸೀರು’ ಅನ್ನುತ್ತಾನೆ ದನೀಲ. ಸೀರು, ಅದೇ ಹೇನಿನ ಮೊಟ್ಟೆ. ಅಡುಗೆಮನೆ ಹೋ ಎಂದು ನಕ್ಕಿತು. ಆ ಸಾಲನ್ನು ಪರದೆಗಿಂತ ಅರ್ಧ ಸೆಕೆಂಡ್ ಮುಂಚೆ ಜೋರಾಗಿ ಹೇಳಿದವನು, ಬೇರೆ ಯಾರೂ ಅಲ್ಲ, ನನ್ನ ದಾಗೆಸ್ತಾನಿ ರೂಮ್‌ಮೇಟ್.

ನನಗೆ ನಗು ಬರಲಿಲ್ಲ. ಆ ಟ್ರಾಮಿನಲ್ಲಿ ನಾನಿದ್ದಿದ್ದರೆ ಯಾವ ಸೀಟು ಅಂತ ನನ್ನ ಮೈಬಣ್ಣಕ್ಕೆ ಗೊತ್ತಿತ್ತು. (ಇಂಗ್ಲಿಷ್ ಅರ್ಜಿಗಳಲ್ಲಿ ‘ಕಾಕೇಶಿಯನ್’ ಅಂದರೆ ಬಿಳಿಯ, ರಷ್ಯಾದಲ್ಲಿ ಕಾಕಸಸ್‌ನವನನ್ನು ‘ಕರಿಯ’ ಅಂತ ಬೈಯುತ್ತಾರೆ!) ನಮ್ಮ ಸಿನಿಮಾಗಳ ಗೂರ್ಖಾನ ಕನ್ನಡಕ್ಕೆ ನಾನು ಬಿದ್ದು ಬಿದ್ದು ನಕ್ಕಿದ್ದೂ ನೆನಪಾಯಿತು, ಅದು ಬೇರೆ.

ಬಲಬಾನವ್‌ನನ್ನು ಸುಮ್ಮನೆ ಬೈದು ಮುಗಿಸೋಕೂ ಆಗಲ್ಲ. ‘ಯಹೂದಿಗಳು ನನಗೆ ಅಷ್ಟಕ್ಕಷ್ಟೆ’ ಅಂತ ದನೀಲ ಹೇಳುವುದು ಯಾರ ಹತ್ತಿರ? ಹಾಫ್‌ಮನ್ ಎಂಬ ಜರ್ಮನ್ ಮೂಲದ ನಿರ್ಗತಿಕನ ಹತ್ತಿರ. ಲೂಥರನ್ ಸ್ಮಶಾನದಲ್ಲಿ ಠಿಕಾಣಿ ಹೂಡಿದ ಆ ಮನುಷ್ಯನೇ ಕೊನೆಗೆ ದನೀಲ ಕೊಡುವ ದುಡ್ಡು ಬೇಡ ಅನ್ನುತ್ತಾನೆ. ಇಡೀ ಚಿತ್ರದಲ್ಲಿ ಮರ್ಯಾದೆ ಉಳಿಸಿಕೊಂಡವನು ಅವನೊಬ್ಬನೇ ಅಂತ ನನ್ನ ಲೆಕ್ಕ. ಆದರೆ ಟ್ರಾಮಿನ ಆ ಇಬ್ಬರಿಗೆ ಹೆಸರೂ ಇಲ್ಲ.

ಪಾತ್ರೆ ತೊಳೆಯುವಾಗ ಕೇಳಿದೆ: ‘ನಿಂಗೆ ಬೇಜಾರಾಗಲ್ವೇನೋ?’

‘ಅವನು ನಮ್ಮ ಬೆಟ್ಟದಲ್ಲೂ ಆ್ಯಕ್ಟ್ ಮಾಡಿದ್ದಾನೆ, ಗೊತ್ತಾ?’ ಅಂದ. 1996ರ ‘ಕಾಕಸಸ್‌ನ ಕೈದಿ’ ಚಿತ್ರದ ಮಾತು. ಬದ್ರೋವ್‌ನ ಅಪ್ಪನದೇ ನಿರ್ದೇಶನ, ಶೂಟಿಂಗ್ ದಾಗೆಸ್ತಾನದಲ್ಲಿ. ಅದರಲ್ಲಿ ಮಗ ಬದ್ರೋವ್‌ನೇ ಸೆರೆಯಾಳು, ಬೆಟ್ಟದ ಮುದುಕ ಕೊನೆಗೆ ಕೊಲ್ಲದೆ ಬಿಡುತ್ತಾನೆ. ‘ಸತ್ತಿದ್ದೂ ನಮ್ಮ ಕಡೆಯೇ’ ಅಂತ ಸೇರಿಸಿದ. 2002ರ ಸೆಪ್ಟೆಂಬರ್ 20ರಂದು ಕಾಕಸಸ್‌ನದೇ ಆದ ಉತ್ತರ ಒಸೆಟಿಯಾದ ಕರ್ಮದೋನ್ ಕಣಿವೆಯಲ್ಲಿ ಕೋಲ್ಕಾ ಹಿಮನದಿ ಕುಸಿದು ಚಿತ್ರತಂಡವೇ ಹೂತುಹೋಯಿತು. ಬದ್ರೋವ್‌ಗೆ ಆಗ 30. ನಾನು ಕೇಳಿದ್ದಕ್ಕೆ ಮಾತ್ರ ಅವನು ಉತ್ತರ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಟ್ರಾಮ್ ಹತ್ತಿದೆವು. ಟಿಕೆಟ್ ಇಲ್ಲದೆ ಹೋಗುವವನನ್ನು ರಷ್ಯನ್ನರು ‘ಮೊಲ’ ಅನ್ನುತ್ತಾರೆ. ನಮ್ಮ ಕ್ಲಾಸಿನಲ್ಲಿ ಅಂಥ ಮೊಲಗಳು ಬೇಕಾದಷ್ಟು. ಇವನು ಕಂಡಕ್ಟರಮ್ಮ ಬರುವ ಮೊದಲೇ ಚಿಲ್ಲರೆ ಎಣಿಸಿಟ್ಟುಕೊಂಡಿದ್ದ. ಟಿಕೆಟ್ ಕೈಗೆ ಬಂತು. ಜೇಬಿಗೆ ಹಾಕಲಿಲ್ಲ. ಗ್ಲೌಸ್ ಕಳಚಿದ ಬರಿ ಬೆರಳುಗಳ ನಡುವೆ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದುಕೊಂಡ. ಒಂದು ವರ್ಷದಿಂದ ಅವನು ಹೀಗೇ ಹಿಡಿಯುತ್ತಿದ್ದ, ಚಟ ಅಂದುಕೊಂಡಿದ್ದೆ. ಇಳಿಯುವ ಸ್ಟಾಪ್ ಬಂದರೂ ಅವನ ಕೈ ಕೆಳಗಿಳಿಯಲಿಲ್ಲ.