ಕ್ಯಾಮರಾ ಕಂಡರೆ ಬ್ರೇಕ್ ಒತ್ತುವವರಿಗೆ

ತಲಪಾಡಿ ದಾಟಿ ಕಾಸರಗೋಡಿನ ಕಡೆ ಬರುವ ಕಾರುಗಳನ್ನು ಸ್ವಲ್ಪ ಗಮನಿಸಿ. ಕಂಬ, ಸೋಲಾರ್ ಹಲಗೆ, ಅದರ ಜೊತೆ ಕ್ಯಾಮರಾ ಕಣ್ಣಿಗೆ ಬಿದ್ದದ್ದೇ ತಡ, ಬ್ರೇಕ್. ಎಂಬತ್ತರಲ್ಲಿದ್ದ ಗಾಡಿ ನಲವತ್ತಕ್ಕೆ ಇಳಿಯುತ್ತದೆ, ಹಿಂದಿದ್ದ ಬೈಕಿನವ ಬೈದುಕೊಂಡು ಪಕ್ಕಕ್ಕೆ ಸರಿಯುತ್ತಾನೆ, ಕಂಬ ದಾಟಿದ ಮೇಲೆ ಮತ್ತೆ ಎಂಬತ್ತು. ಇಷ್ಟೆಲ್ಲ ಮಾಡಿಸುವ ಆ ಕ್ಯಾಮರಾಗಳಲ್ಲಿ ಹೆಚ್ಚಿನವಕ್ಕೆ ವೇಗ ಅಳೆಯುವ ಕೆಲಸವನ್ನೇ ಕೊಟ್ಟಿಲ್ಲ.

ಕೇರಳದ ಮೋಟಾರು ವಾಹನ ಇಲಾಖೆ ‘ಸೇಫ್ ಕೇರಳ’ ಯೋಜನೆಯಲ್ಲಿ ಹಾಕಿದ್ದು ಒಟ್ಟು 726 ಕ್ಯಾಮರಾ. ಅದರಲ್ಲಿ 675 ಎಐ ಕ್ಯಾಮರಾಗಳು ಹಿಡಿಯುವುದು ಹೆಲ್ಮೆಟ್ ಇಲ್ಲದ ತಲೆ, ಹಾಕದ ಸೀಟ್ ಬೆಲ್ಟ್, ಕೈಯಲ್ಲಿನ ಮೊಬೈಲ್, ಬೈಕಿನಲ್ಲಿ ಮೂವರು, ಇಂಥವನ್ನು. 25 ಕ್ಯಾಮರಾ ಅಡ್ಡಾದಿಡ್ಡಿ ನಿಲ್ಲಿಸಿದ ಗಾಡಿಗಳಿಗೆ, 18 ಕೆಂಪು ದೀಪ ಹಾರಿಸುವವರಿಗೆ. ವೇಗಕ್ಕೆಂದೇ ಇರುವುದು ಎಂಟು: ನಾಲ್ಕು ಕಂಬದ ಮೇಲೆ, ನಾಲ್ಕು ಇಲಾಖೆಯ ವಾಹನದಲ್ಲಿ. 2023ರ ಏಪ್ರಿಲ್ 20ರಂದು ಉದ್ಘಾಟನೆಯಾಗಿ, ಜೂನ್ 5ರಿಂದ ದಂಡ ಶುರುವಾಯಿತು.

ಇದು ಜೀವ ಉಳಿಸಲಿಕ್ಕೋ ಖಜಾನೆ ತುಂಬಿಸಲಿಕ್ಕೋ ಎಂಬ ಜಗಳ ಅಂದಿನಿಂದ ಇದೆ. ಮಂತ್ರಿಗಳ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿ ಫಲವಿಲ್ಲ. ಕ್ಯಾಮರಾ ಏನನ್ನು ಹಿಡಿಯುತ್ತದೆ, ಎಲ್ಲಿ ನಿಂತಿದೆ, ಹಾಕಿದವರಿಗೆ ಹಣ ಯಾವ ಲೆಕ್ಕದಲ್ಲಿ ಹೋಗುತ್ತದೆ, ನೋಟಿಸ್ ಎಷ್ಟು ದಿನಕ್ಕೆ ಮನೆಗೆ ಬರುತ್ತದೆ, ಇಷ್ಟನ್ನು ನೋಡಿದರೆ ಆಯಿತು.

ಮೊದಲು ಏನನ್ನು ಹಿಡಿಯುತ್ತದೆ ಎಂಬುದು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಮಂದಿ. ಅದರಲ್ಲಿ ಶೇಕಡಾ 71ರಷ್ಟು ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಬರೆದುಕೊಂಡಿದೆ. ಸರಾಸರಿ ವೇಗ ಶೇ. 1 ಏರಿದರೆ ಸಾವಿನ ಅಪಘಾತದ ಸಂಭವ ಶೇ. 4 ಏರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಿರುವಾಗ 726ರಲ್ಲಿ ಎಂಟೇ ಏಕೆ? ಹೆಲ್ಮೆಟ್ ಇದೆಯೋ ಇಲ್ಲವೋ ಎಂದು ಹೇಳಲು ಒಂದು ಫೋಟೊ ಸಾಕು. ವೇಗಕ್ಕೆ ರೇಡಾರ್ ಬೇಕು, ಅದರ ಅಳತೆ ಸರಿಯಿದೆ ಎಂಬ ಪ್ರಮಾಣಪತ್ರ ಬೇಕು, ಚೌಕಟ್ಟಿನಲ್ಲಿ ಎರಡು ಗಾಡಿಗಳಿದ್ದರೆ ಯಾವುದರ ವೇಗ ಎಂದು ತೋರಿಸಬೇಕು, ಕೋರ್ಟಿನಲ್ಲಿ ನಿಲ್ಲಬೇಕು. ಸುಲಭದ ಕೆಲಸವನ್ನು ಮೊದಲು ಮಾಡಿದ್ದಾರೆ.

ಆದರೆ ಸುಲಭದ್ದೆಂದು ತಳ್ಳಿಹಾಕುವ ಹಾಗೂ ಇಲ್ಲ. ಕೇರಳದಲ್ಲಿ 2022ರಲ್ಲಿ 43,910 ಅಪಘಾತ, 4,317 ಸಾವು. 2023ರಲ್ಲಿ ಅಪಘಾತ 48,091ಕ್ಕೆ ಏರಿತು, ಸಾವು 4,080ಕ್ಕೆ ಇಳಿಯಿತು. ಅಪಘಾತ ಜಾಸ್ತಿ, ಸಾವು ಕಮ್ಮಿ. ಹೆಲ್ಮೆಟ್, ಬೆಲ್ಟ್ ಮಾಡುವ ಕೆಲಸವೇ ಅದು: ಡಿಕ್ಕಿಯನ್ನು ತಪ್ಪಿಸುವುದಿಲ್ಲ, ಡಿಕ್ಕಿಯಾದವನನ್ನು ಉಳಿಸುತ್ತವೆ. ಹೆಲ್ಮೆಟ್ಟಿನಿಂದ ಬೈಕ್ ಸವಾರನ ಸಾವಿನ ಸಂಭವ ಶೇ. 42, ತಲೆಗೆ ಪೆಟ್ಟಾಗುವ ಸಂಭವ ಶೇ. 69 ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಕ್ಕ ಅಂಕಿ. ಒಂದು ವರ್ಷದ ಇಳಿಕೆಯನ್ನು ಪೂರ್ತಿ ಕ್ಯಾಮರಾದ ಖಾತೆಗೆ ಹಾಕಲಾಗದು, ಅದೂ ಅರ್ಧ ವರ್ಷ ಮಾತ್ರ ದಂಡ ನಡೆದ ವರ್ಷ. ಆದರೂ ಅಂಕಿಗಳು ಹೋದ ದಿಕ್ಕು ಕ್ಯಾಮರಾಕ್ಕೆ ವಿರುದ್ಧವಾಗಿಲ್ಲ.

ಕ್ಯಾಮರಾ ನಿಜವಾಗಿ ಏನು ನೋಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಗಾಡಿ ಎದುರಿಗೆ ಬಂದಾಗ ಚಿತ್ರ ತೆಗೆದು, ಒಳಗಿನ ಪ್ರೋಗ್ರಾಂ ನಂಬರ್ ಪ್ಲೇಟನ್ನು ಓದುತ್ತದೆ, ತಲೆ, ಎದೆ, ಕೈಯನ್ನು ಬೇರೆ ಬೇರೆ ಮಾಡಿ ನೋಡುತ್ತದೆ, ಅನುಮಾನವಿದ್ದದ್ದನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಲ್ಲಿ ಮನುಷ್ಯರು ಕೂತು ನೋಡಬೇಕು, ಮೋಟಾರು ವಾಹನ ಇಲಾಖೆಯ ಅಧಿಕಾರಿ ಒಪ್ಪಬೇಕು, ಆಮೇಲೆ ಚಲನ್. ತಪ್ಪು ನುಸುಳುವ ಜಾಗಗಳೂ ಗೊತ್ತಿರುವಂಥವೇ. ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟ್. ಬೆಲ್ಟಿನ ಮೇಲೆ ಹೊದ್ದ ಸೆರಗು. ಕಿವಿ ತುರಿಸಿಕೊಂಡ ಕೈ. ಆಷಾಢದ ಮಳೆಯಲ್ಲಿ ಗಾಜಿನ ಮೇಲೆ ವೈಪರ್ ಅಡ್ಡ ಬಂದ ಆ ಒಂದು ಚಣ. ನಂಬರ್ ಪ್ಲೇಟಿನಲ್ಲಿ 8 ಮತ್ತು ಬಿ, 0 ಮತ್ತು ಡಿ, 1 ಮತ್ತು 7. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಹೈ ಸೆಕ್ಯುರಿಟಿ ಪ್ಲೇಟ್ ಇರುವುದರಿಂದ ಈ ಗೊಂದಲ ಕಮ್ಮಿ; ಹಳೆಯ ಗಾಡಿಗೆ ಅಂಗಡಿಯಲ್ಲಿ ಬರೆಸಿದ ಬಾಗಿದ ಅಕ್ಷರದ ಪ್ಲೇಟ್ ಇದ್ದರೆ ನಿಮ್ಮ ದಂಡ ಇನ್ಯಾರದೋ ಮನೆಗೆ, ಇನ್ಯಾರದೋ ದಂಡ ನಿಮ್ಮ ಮನೆಗೆ.

ಇದಕ್ಕಿಂತ ದೊಡ್ಡ ಸಂಗತಿ ಕ್ಯಾಮರಾಕ್ಕೆ ಕಾಣದೆ ಹೋಗುವುದು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುವುದು ಮಾನದಂಡಕ್ಕೆ ತಕ್ಕ ಹೆಲ್ಮೆಟ್ ಮತ್ತು ಪಟ್ಟಿಯನ್ನು ಬಿಗಿದು ಕಟ್ಟಿದ ಹೆಲ್ಮೆಟ್. ಕ್ಯಾಮರಾ ನೋಡುವುದು ತಲೆಯ ಮೇಲೆ ಒಂದು ಉರುಟು ವಸ್ತು ಇದೆಯೋ ಎಂದು ಮಾತ್ರ. ಗದ್ದದಡಿಯ ಪಟ್ಟಿ ಹಾಕದಿದ್ದರೂ ಪಾಸು, ಐಎಸ್‌ಐ ಗುರುತಿಲ್ಲದ ತೆಳು ಪ್ಲಾಸ್ಟಿಕ್ ಚಿಪ್ಪಾದರೂ ಪಾಸು. ಗಾಡಿ ಬಿದ್ದಾಗ ಪಟ್ಟಿ ಕಟ್ಟದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿ ಹೋಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಪೇಟೆಗಳಲ್ಲಿ ಅರ್ಧ ಗಂಟೆ ನಿಂತು ಪಟ್ಟಿ ಕಟ್ಟಿದವರನ್ನು ಎಣಿಸಿ ನೋಡಿ. 500 ರೂಪಾಯಿ ದಂಡ ಉಳಿಸಲಿಕ್ಕೆ ಹಾಕಿದ ಹೆಲ್ಮೆಟ್ಟಿಗೂ ತಲೆ ಉಳಿಸಲಿಕ್ಕೆ ಹಾಕಿದ್ದಕ್ಕೂ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ.

ಇನ್ನು ಹಣ. ಯೋಜನೆಯ ಮೊತ್ತ ಸುಮಾರು 232 ಕೋಟಿ ರೂಪಾಯಿ. ಜಾರಿ ಮಾಡಿದ್ದು ಸರ್ಕಾರಿ ಸಂಸ್ಥೆ ಕೆಲ್ಟ್ರಾನ್. ಅದಕ್ಕೆ ಸರ್ಕಾರ ಐದು ವರ್ಷದಲ್ಲಿ, ಮೂರು ತಿಂಗಳಿಗೊಂದರಂತೆ 20 ಕಂತುಗಳಲ್ಲಿ ಕೊಡುವುದೆಂದು ಏರ್ಪಾಡು. ಟೆಂಡರಿನ ಬಗ್ಗೆ ಎದ್ದ ಆರೋಪ, ಹೈಕೋರ್ಟಿನ ಕೇಸು ಬೇರೆಯೇ ಕಥೆ. ಇಲ್ಲಿ ಬೇಕಾದದ್ದು ಕಂತು ಎಂಬ ಶಬ್ದ. ಇಷ್ಟು ಚಲನಿಗೆ ಇಷ್ಟು ಎಂಬ ಕಮಿಷನ್ ಇದ್ದರೆ ಚಲನ್ ಹೆಚ್ಚಿದಷ್ಟೂ ಕ್ಯಾಮರಾ ಹಾಕಿದವನಿಗೆ ಲಾಭ, ಜನ ಸರಿಯಾದರೆ ಅವನಿಗೆ ನಷ್ಟ. ಅಮೆರಿಕದ ಶಿಕಾಗೋದಲ್ಲಿ ಕೆಂಪು ದೀಪದ ಕ್ಯಾಮರಾ ಗುತ್ತಿಗೆಗಾಗಿ ಲಂಚ ತಿಂದ ನಗರಾಡಳಿತದ ಅಧಿಕಾರಿಗೆ 2016ರಲ್ಲಿ ಹತ್ತು ವರ್ಷ ಜೈಲಾಯಿತು. ಅಲ್ಲಿ ದಂಡದ ಹಣ ನಗರದ ಬೊಕ್ಕಸಕ್ಕೇ ಹೋಗುತ್ತದೆ. ನಮ್ಮಲ್ಲಿ ಎಐ ಕ್ಯಾಮರಾದ ದಂಡ ರಾಜ್ಯದ ಖಜಾನೆಗೆ. ಹಾಗಾಗಿ ನಗರಸಭೆಯವರು ದುಡ್ಡು ಮಾಡುತ್ತಿದ್ದಾರೆ ಎಂಬ ಬೈಗುಳ ವಿಳಾಸ ತಪ್ಪಿದ್ದು.

ಗುಣಾಕಾರ ಮಾಡಿ ನೋಡಿದರೆ ಖಜಾನೆಯ ಆಸೆಗೂ ಕಾರಣವಿದೆ ಅನ್ನಿಸುತ್ತದೆ. 232 ಕೋಟಿಯನ್ನು 500ರಿಂದ ಭಾಗಿಸಿದರೆ 46.4 ಲಕ್ಷ ಹೆಲ್ಮೆಟ್ ದಂಡ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಸಾವಿರ ಚಿಲ್ಲರೆ. 675 ಕ್ಯಾಮರಾಕ್ಕೆ ಹಂಚಿದರೆ ಒಂದಕ್ಕೆ ದಿನಕ್ಕೆ ನಾಲ್ಕು ಮಂದಿ ದಂಡ ಕಟ್ಟಿದರೆ ಸಾಕು, ಅಸಲು ಬಂತು. ಆದರೆ ಚಲನ್ ಹಾಕುವುದು ಬೇರೆ, ಹಣ ಕೈಗೆ ಬರುವುದು ಬೇರೆ. ದಂಡ ಕಟ್ಟದೆ ಬಾಕಿ ಬಿಟ್ಟವರು ಎಲ್ಲ ರಾಜ್ಯಗಳಲ್ಲೂ ರಾಶಿ ಇದ್ದಾರೆ. ಕರ್ನಾಟಕ 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್‌–ಸೆಪ್ಟೆಂಬರಿನಲ್ಲೂ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಆಟಿ ತಿಂಗಳ ಸೀರೆ ಅಂಗಡಿಯ ಹಾಗೆ! ಮುಂದಿನ ಸಲವೂ ಅರ್ಧ ಸಿಗುತ್ತದೆ ಎಂದು ಗೊತ್ತಾದ ಮೇಲೆ ಇಂದೇ ಪೂರ್ತಿ ಕಟ್ಟುವವ ಪೆದ್ದ. ಖಜಾನೆಗೆ ಒಮ್ಮೆಗೆ ಕೋಟಿಗಟ್ಟಲೆ ಬರುತ್ತದೆ, ಭಯ ಹೋಗುತ್ತದೆ. ಕ್ಯಾಮರಾವನ್ನು ಹಣದ ಯಂತ್ರ ಎಂದು ಜನ ನಂಬುವಂತೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೆಂಪು ದೀಪದ ಕ್ಯಾಮರಾ ನಮ್ಮ ಜಿಲ್ಲೆಗಿಂತ ಮಂಗಳೂರು, ಬೆಂಗಳೂರಿಗೆ ಹೋಗಿಬರುವವರಿಗೆ ಸಂಬಂಧಿಸಿದ್ದು. ಅಲ್ಲಿ ಗಮನಿಸಬೇಕಾದದ್ದು ಹಳದಿ ದೀಪದ ಹೊತ್ತು. ಚಾಲಕನಿಗೆ ಹಳದಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್. ಆಮೇಲೆ ಒಂದೊಂದು ಸೆಕೆಂಡಿನಲ್ಲೂ ವೇಗವನ್ನು ಸೆಕೆಂಡಿಗೆ ಮೂರು ಮೀಟರಿನಷ್ಟು ತಗ್ಗಿಸಿದರೆ ಅದು ಹಿತವಾದ ಬ್ರೇಕ್. ಬೇಕಾದ ಹಳದಿ ಹೊತ್ತು ಎಂದರೆ ಒಂದು ಸೆಕೆಂಡ್, ಅದರ ಜೊತೆಗೆ ವೇಗವನ್ನು ಆರರಿಂದ ಭಾಗಿಸಿದಷ್ಟು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್, ಆರರಿಂದ ಭಾಗಿಸಿದರೆ 2.3, ಒಟ್ಟು 3.3 ಸೆಕೆಂಡ್. 60 ಕಿ.ಮೀ. ರಸ್ತೆಗೆ 3.8. ಅಂಥ ಜಾಗದಲ್ಲಿ ಹಳದಿ ಎರಡೇ ಸೆಕೆಂಡ್ ಇಟ್ಟರೆ ನಿಲ್ಲಿಸಲೂ ಆಗದ, ದಾಟಲೂ ಆಗದ ಒಂದು ಪಟ್ಟಿ ರಸ್ತೆಯ ಮೇಲೆ ಹುಟ್ಟಿಕೊಳ್ಳುತ್ತದೆ. ಅಲ್ಲಿ ಸಿಕ್ಕಿಬಿದ್ದವ ತಪ್ಪು ಮಾಡದೆಯೇ ದಂಡ ಕಟ್ಟುತ್ತಾನೆ. ಅಳೆಯುವುದು ಸುಲಭ: ಗಾಡಿ ನಿಲ್ಲಿಸಿ ಫುಟ್‌ಪಾತಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ. ಸೆಕೆಂಡಿಗೆ 30 ಚಿತ್ರದ ವಿಡಿಯೊ ಆದರೆ 50 ಕಿ.ಮೀ. ರಸ್ತೆಯಲ್ಲಿ ಹಳದಿ ಸುಮಾರು 100 ಚಿತ್ರಗಳಲ್ಲಾದರೂ ಇರಬೇಕು. ಅಮೆರಿಕದ ಹೆದ್ದಾರಿ ಇಲಾಖೆಯ 2005ರ ಅಧ್ಯಯನದಲ್ಲಿ ಈ ಕ್ಯಾಮರಾಗಳಿಂದ ಅಡ್ಡ ಬಂದು ಗುದ್ದುವ ಅಪಘಾತ ಸುಮಾರು ಶೇ. 25 ಇಳಿದು, ಹಿಂದಿನಿಂದ ಗುದ್ದುವುದು ಶೇ. 15 ಏರಿತ್ತು. ಮೊದಲನೆಯದು ಪ್ರಾಣ ತೆಗೆಯುವಂಥದ್ದು, ಎರಡನೆಯದು ಹೆಚ್ಚಾಗಿ ಬಂಪರ್ ತೆಗೆಯುವಂಥದ್ದು. ಹಾಗಾಗಿ ಲೆಕ್ಕ ಕ್ಯಾಮರಾದ ಕಡೆಗೇ ಬೀಳುತ್ತದೆ, ಹಳದಿ ಸರಿ ಇದ್ದರೆ.

ಎಲ್ಲಿ ನಿಂತಿದೆ ಎಂಬ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮ 167ಎ, 2021ರ ಆಗಸ್ಟಿನಲ್ಲಿ ಬಂದದ್ದು. ಅಪಾಯ ಹೆಚ್ಚಿರುವ, ವಾಹನ ದಟ್ಟಣೆಯಿರುವ ಕಡೆ ಹಾಕಬೇಕು. ಮುಂದೆ ಕ್ಯಾಮರಾ ಇದೆ ಎಂಬ ಫಲಕ ಮೊದಲೇ ಇರಬೇಕು. ಉಪಕರಣಕ್ಕೆ ವರ್ಷ ವರ್ಷ ನವೀಕರಿಸಿದ ಪ್ರಮಾಣಪತ್ರ ಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥವಾಗಿ ಬದಲಾದಾಗ ಅಪಾಯದ ಜಾಗಗಳೂ ಬದಲಾದವು: ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಬರುವ ಸ್ಕೂಟರ್, ಅಂಡರ್‌ಪಾಸಿನ ಬಾಯಿ, ಹೆದ್ದಾರಿಗೆ ಸೇರುವ ಜಾಗ. ಹಳೆಯ ರಸ್ತೆಯ ಲೆಕ್ಕದಲ್ಲಿ ಆರಿಸಿದ ಕಂಬಕ್ಕೆ ಇವು ಕಾಣುವುದಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆಯ ತಿರ್ಗಾಸುಗಳಲ್ಲಿ ಓವರ್‌ಟೇಕ್ ಮಾಡುವವನನ್ನು ಹೆಲ್ಮೆಟ್ ಕ್ಯಾಮರಾ ಸಲಾಂ ಹೊಡೆದು ಕಳಿಸುತ್ತದೆ.

15 ದಿನದ ಗಡುವು ಬರೇ ಕಾಗದದ ಮಾತಲ್ಲ. ತಪ್ಪು ಮಾಡಿದ ವಾರದಲ್ಲಿ ಬಂದ ಫೋಟೊ ಕಂಡವ ಮರುದಿನ ಹೆಲ್ಮೆಟ್ ಹಾಕುತ್ತಾನೆ. ಮೂರು ತಿಂಗಳಿಗೆ ಒಟ್ಟಿಗೆ ಎಂಟು ಚಲನ್ ಬಂದರೆ ಅಷ್ಟೂ ದಿನ ಅವನು ಹಾಗೆಯೇ ಓಡಾಡಿರುತ್ತಾನೆ. ಖಜಾನೆಗೆ ನಾಲ್ಕು ಸಾವಿರ, ತಲೆಗೆ ಏನೂ ಇಲ್ಲ.

ಚಲನ್ ಬಂದರೆ ಏನು ಮಾಡಬೇಕು? ವಾಟ್ಸ್ಯಾಪಿನಲ್ಲಿ ಬಂದ ಎಪಿಕೆ ಫೈಲ್ ಆದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ದೋಚುವವರದ್ದು. ಪರಿವಾಹನ್‌ನ ಇ-ಚಲನ್ ಪುಟದ ವಿಳಾಸ ‘ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕು. ಅಲ್ಲಿ ಗಾಡಿಯ ನಂಬರ್, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಬಾಕಿ ಕಾಣುತ್ತದೆ. ಅಕ್ಷಯ ಕೇಂದ್ರದಲ್ಲೂ ನೋಡಿಸಬಹುದು. ಆರ್‌ಸಿಯಲ್ಲಿ ಇರುವುದು ಗಲ್ಫಿನಲ್ಲಿರುವ ಅಣ್ಣನ ಹಳೇ ಮೊಬೈಲ್ ನಂಬರ್ ಆದರೆ ಮೆಸೇಜ್ ಯಾರಿಗೂ ಬರುವುದಿಲ್ಲ, ಮೊದಲು ಅದನ್ನು ಬದಲಿಸಿ. ಮಂಗಳೂರಿನವರಿಗೆ ಮಾರಿದ ಗಾಡಿಯ ಚಲನ್ ಉಪ್ಪಳದ ಮನೆಗೆ ಬರುವುದೂ ಇದೇ ಕಾರಣಕ್ಕೆ: ಎನ್‌ಒಸಿಗೆ ಫಾರ್ಮ್ 28, ಹೆಸರು ವರ್ಗಾವಣೆಗೆ 29 ಮತ್ತು 30, ಇವು ಮುಗಿಯದೆ ಕೀ ಕೊಡಬಾರದು. ಕೆಎ 19, ಕೆಎ 21ರವರು ತಿಳಿಯಬೇಕಾದದ್ದು, ಕರ್ನಾಟಕದ ಅರ್ಧ ರಿಯಾಯಿತಿ ಕೇರಳದ ಚಲನಿಗೆ ಹೊಂದುವುದಿಲ್ಲ.

ಫೋಟೊದಲ್ಲಿ ಪ್ಲೇಟಿನ ಪ್ರತಿ ಅಕ್ಷರ, ಗಾಡಿಯ ಬಣ್ಣ, ಮಾಡೆಲ್, ಜಾಗ, ಹೊತ್ತು ನೋಡಿ. ನಿಮ್ಮದಲ್ಲವಾದರೆ ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಜಿಲ್ಲೆಯ ಎನ್‌ಫೋರ್ಸ್‌ಮೆಂಟ್ ಆರ್‌ಟಿಒಗೆ ಆಕ್ಷೇಪಣೆ ಕೊಡಬಹುದು. ಚಲನ್ ನಂಬರ್, ಆರ್‌ಸಿಯ ಪ್ರತಿ, ನಿಮ್ಮ ಗಾಡಿಯ ಮುಂದಿನ ಮತ್ತು ಬದಿಯ ಫೋಟೊ, ಆ ಹೊತ್ತಿಗೆ ಬೇರೆಡೆ ಇದ್ದಿರಿ ಎನ್ನಲು ಫಾಸ್ಟ್‌ಟ್ಯಾಗ್ ದಾಖಲೆ ಅಥವಾ ಪೆಟ್ರೋಲ್ ಬಿಲ್ ಲಗತ್ತಿಸಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅರ್ಜಿಯನ್ನು ಮಲಯಾಳದಲ್ಲಿ ಬರೆಸಲು ಯಾರನ್ನೋ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.