ಎರಡನೇ ಸಲ ಪಿಸ್ತೂಲ್ ಸಮೇತ ಸಿಕ್ಕಿಬಿದ್ದವನು

ವಿಜಯಪುರ, ಕಲಬುರಗಿ ಕಡೆಯ ಪೇಪರ್ ಓದುವವರಿಗೆ ಆ ಫೋಟೊ ಹೊಸದಲ್ಲ. ಟೇಬಲ್ ಮೇಲೆ ನಾಡ ಪಿಸ್ತೂಲು, ಪಕ್ಕದಲ್ಲಿ ಸಾಲಾಗಿ ಜೋಡಿಸಿದ ಜೀವಂತ ಗುಂಡುಗಳು, ಹಿಂದೆ ನಿಂತ ಪೊಲೀಸರು. ನಾನು ಸುದ್ದಿಯ ಕೊನೇ ಸಾಲು ತಪ್ಪದೆ ಓದುತ್ತೇನೆ. ಆರೋಪಿಯ ಮೇಲೆ ಈಗಾಗಲೇ ಕೊಲೆ ಯತ್ನ, ಸುಲಿಗೆ ಪ್ರಕರಣಗಳಿವೆ ಅಂತ ಎಷ್ಟೋ ಸಲ ಅಲ್ಲಿರುತ್ತದೆ. ಹಾಗಿದ್ದರೆ ಅವನು ಹೊರಗೆ ಹೇಗಿದ್ದ? ಕೈಗೆ ಇನ್ನೊಂದು ಪಿಸ್ತೂಲು ಬರುವ ತನಕ ಎಲ್ಲರೂ ಏನು ಮಾಡ್ತಿದ್ರು?

ಕಾನೂನು ಬಿಗಿ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಮಾಡಿದ್ದಾರೆ ಕಣ್ರೀ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯ್ತು. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಮೊದಲು 1ರಿಂದ 3 ವರ್ಷ ಜೈಲು ಇತ್ತು, ಈಗ 2ರಿಂದ 5 ವರ್ಷ. ಅದೇ ಕಾಯ್ದೆಯಲ್ಲಿ 31ನೇ ಸೆಕ್ಷನ್ ಅಂತ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಕಾಯ್ದೆಯಡಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅದರಡಿಯಲ್ಲೇ ಅಪರಾಧಿ ಅಂತ ಸಾಬೀತಾದರೆ ದಂಡನೆ ದುಪ್ಪಟ್ಟು!

ಆದರೆ ಅದು ಲೆಕ್ಕ ಹಾಕುವುದು ಶಿಕ್ಷೆಯನ್ನು, ಕೇಸನ್ನಲ್ಲ. ಹತ್ತು ಕೇಸ್ ಇದ್ದು ಒಂದರಲ್ಲೂ ತೀರ್ಪು ಬಂದಿಲ್ಲ ಅಂದ್ರೆ ಕೋರ್ಟಿನ ಮುಂದೆ ಅವನಿನ್ನೂ ಮೊದಲ ಸಲದವನೇ. ಅಮೆರಿಕದಲ್ಲಿ 1984ರಿಂದ ಒಂದು ಕಾನೂನಿದೆ. ಗಂಭೀರ ಹಿಂಸೆ ಅಥವಾ ಡ್ರಗ್ಸ್ ಅಪರಾಧಗಳಲ್ಲಿ ಮೂರು ಸಲ ಶಿಕ್ಷೆಯಾದವನ ಹತ್ತಿರ ಬಂದೂಕು ಸಿಕ್ಕರೆ ಕನಿಷ್ಠ 15 ವರ್ಷ. ಅಲ್ಲೂ ಮೊದಲು ಶಿಕ್ಷೆ ಆಗಿರಲೇಬೇಕು.

ನಮ್ಮಲ್ಲಿ ಆ ಮೊದಲ ಶಿಕ್ಷೆ ಎಲ್ಲಿ ಜಾರಿಹೋಗುತ್ತೆ ನೋಡಿ. ಮಹಜರಿಗೆ, ಅಂದ್ರೆ ಪಿಸ್ತೂಲು ವಶಪಡಿಸಿಕೊಂಡ ದಾಖಲೆಗೆ, ಸಾಕ್ಷಿಗಳಾಗಿ ಸಹಿ ಹಾಕುವ ಪಂಚರು ಹೆದ್ದಾರಿ ಪಕ್ಕದ ಚಹಾ ಅಂಗಡಿಯವನೋ ಆಟೊದವನೋ ಆಗಿರ್ತಾರೆ. ವರ್ಷಗಳು ಕಳೆದ ಮೇಲೆ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತರೆ ಎದುರಿಗೆ ಅದೇ ಮನುಷ್ಯ, ಜಾಮೀನಿನ ಮೇಲೆ ಹೊರಗಿದ್ದು ಇವನ ಅಂಗಡಿ ಮುಂದೆಯೇ ಓಡಾಡಿಕೊಂಡಿರುವವನು. "ಸಹಿ ನಂದೇ ಸರ್, ಸ್ಟೇಷನ್‌ನಲ್ಲಿ ಹಾಕಿಸಿಕೊಂಡ್ರು, ಪಿಸ್ತೂಲ್ ನಾನು ನೋಡಿಲ್ಲ" ಅಂದುಬಿಡ್ತಾನೆ. ಕೋರ್ಟಿನ ಭಾಷೆಯಲ್ಲಿ ಇವನು ತಿರುಗಿಬಿದ್ದವನು, ಪ್ರತಿಕೂಲ ಸಾಕ್ಷಿ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಪೊಲೀಸರ ಸಾಕ್ಷ್ಯದ ಮೇಲೆಯೇ ಶಿಕ್ಷೆ ಕೊಡಲು ಅಡ್ಡಿಯಿಲ್ಲ, ಆದರೆ ಅದು ನಂಬುವಂತಿರಬೇಕು, ಪಿಸ್ತೂಲಿಗೆ ಸ್ಥಳದಲ್ಲೇ ಸರಿಯಾಗಿ ಸೀಲ್ ಹಾಕಿರಬೇಕು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರಬೇಕು. ಇದರ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯ 39ನೇ ಸೆಕ್ಷನ್ ಬೇರೆ. ಲೈಸೆನ್ಸ್ ಇಲ್ಲದ ಬಂದೂಕಿನ ಕೇಸ್ ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಆ ಒಂದು ಕಾಗದ ಸರಿಯಿಲ್ಲದಿದ್ದರೂ ಕೇಸ್ ಬಿದ್ದುಹೋಗಬಹುದು.

ಒಂದು ಪಿಸ್ತೂಲು ಹೊರಗೇ ಉಳಿದರೆ ಏನಾಗುತ್ತೆ ಅನ್ನುವುದನ್ನು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಮುಂದೆಯೇ ಕೊಂದರು. ಎರಡೂ ಕಡೆ ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನ ಗುಂಡು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ನಡುವೆ ಎರಡು ವರ್ಷ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಕಡೆ, ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಪಡೆದ ರೈತ ಪ್ರತಿ ಚುನಾವಣೆಗೂ ಬಂದೂಕು ಹೊತ್ತು ಸ್ಟೇಷನ್‌ಗೆ ಹೋಗಿ ಜಮಾ ಮಾಡಿ ರಸೀದಿ ತರ್ತಾನೆ. ಸುಲಿಗೆ ಮಾಡುವವನ ಪಿಸ್ತೂಲಿಗೆ ಯಾವ ರಸೀದಿ? ಬಿಗಿ ಅನ್ನುವುದು ಸುಲಭವಾಗಿ ಸಿಗುವವರ ಮೇಲೆ ಬೀಳಬಾರದು. ಹೆದರಿ ಒಂದು ಸಲ ಪಿಸ್ತೂಲು ಇಟ್ಟುಕೊಂಡ ಹುಡುಗನಿಗೂ, ಹಿಂದೆ ಗುಂಡು ಹಾರಿಸಿ ಜಾಮೀನಿನ ಮೇಲೆ ಬಂದು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡವನಿಗೂ ಒಂದೇ ತೂಕ ಬೇಡ.

ಈ ಎರಡನೆಯವನಿಗೆ ಜಾಸ್ತಿ ಶಿಕ್ಷೆ ಆಗಲೇಬೇಕು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಜಾಮೀನಿನಲ್ಲಿದ್ದಾಗ ಮತ್ತೆ ಪಿಸ್ತೂಲ್ ಸಮೇತ ಸಿಕ್ಕರೆ ಹಳೇ ಜಾಮೀನು ರದ್ದು ಮಾಡಿ ಅಂತ ಸರ್ಕಾರಿ ವಕೀಲರು ಅದೇ ವಾರ ಅರ್ಜಿ ಹಾಕಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿಗೆ ಗಡುವು ಇಡಬೇಕು. ಹಿಂದಿನ ಶಿಕ್ಷೆ ಯಾವ ಕೋರ್ಟಿನಲ್ಲಿ, ಯಾವ ದಿನ ಆಯಿತು ಅಂತ ಆರೋಪದಲ್ಲೇ ನಮೂದಿಸಬೇಕೆಂದು ಕಾನೂನು ಹೇಳುತ್ತದೆ, ಅದಕ್ಕೆ ಬೇರೆ ಜಿಲ್ಲೆಯ ದಾಖಲೆಯನ್ನೂ ತರಿಸಬೇಕು. ರೌಡಿ ಪರೇಡ್ ಮಾಡಿ ಕೂದಲು ಕತ್ತರಿಸಿಕೊಳ್ಳಿ ಅಂತ ಗದರಿಸುವ ಸಮಯದಲ್ಲಿ ಈ ಕೆಲಸ ಮಾಡಿದರೆ ಆ ಚಹಾ ಅಂಗಡಿಯವನು ಸಾಕ್ಷಿ ಹೇಳಲು ಬಂದ ದಿನ ಆರೋಪಿ ಜೈಲಿನಿಂದ ಬರ್ತಾನೆ, ಪಕ್ಕದ ಓಣಿಯಿಂದ ಅಲ್ಲ.